ಒಂದೇ ಕಡೆ ಊದಿದರೆ ಬೆಳಗಾಗಲಿ ಅಂತ ಕಾಯಬೇಡಿ

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನಮ್ಮ ಬೀದಿಯ ಹುಡುಗಿ. "ಅಕ್ಕಾ, ಮಲಗಿದ್ರಾ? ಎಡಗಡೆ ಯಾಕೋ ಕಲ್ಲಿನಂಗಾಗೈತೆ. ಬಲಗಡೆ ಏನೂ ಇಲ್ಲ. ಮಾತ್ರೆ ತಗೊಂಡ್ರೂ ಸಿಡಿತ ನಿಲ್ತಿಲ್ಲ." ಹಿಂದಿನ ದಿನ ಬೆಂಗಳೂರಿನಲ್ಲಿ ಎದೆಗೆ ಇಂಪ್ಲಾಂಟ್, ಅಂದರೆ ಎದೆ ತುಂಬಿ ಕಾಣಲಿ ಅಂತ ಒಳಗೆ ಕೂರಿಸುವ ಮೆತ್ತನೆಯ ಚೀಲ, ಹಾಕಿಸಿಕೊಂಡಿದ್ದಳು. ಆವತ್ತು ಮಧ್ಯಾಹ್ನ ಬ್ಯಾಗ್ ಹೆಗಲಿಗೆ ಏರಿಸಿಕೊಂಡು ಬಸ್ಸಿನಲ್ಲೇ ತುಮಕೂರಿಗೆ ಬಂದಿಳಿದಿದ್ದಳು. ಗಂಡನಿಗೆ ಗೊತ್ತಿತ್ತು, ಆದರೆ ಅವನು ಊರಲ್ಲಿರಲಿಲ್ಲ. ಅತ್ತೆಗೆ ಗೆಳತಿ ಮನೆಗೆ ಹೋಗಿದ್ದೆ ಅಂದಿದ್ದಳು. ನೋವಿಗೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಳು.

ಬಹಳ ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು ನಾನು. "ಬಲಗಡೆ ಏನೂ ಇಲ್ಲ" ಅಂದ ತಕ್ಷಣ ಎದ್ದು ಕೂತೆ. ಎರಡೂ ಕಡೆ ಊದಿದರೆ ಅದು ಸಾಮಾನ್ಯವಾಗಿ ಆಪರೇಷನ್ನಿನ ಊತ. ಒಂದೇ ಕಡೆ ಊದಿ, ಅದೂ ಗಂಟೆಗಂಟೆಗೆ ಜಾಸ್ತಿಯಾಗುತ್ತಿದ್ದರೆ ಒಳಗೆ ರಕ್ತ ಸೇರುತ್ತಿದೆ ಅಂತಲೇ ಮೊದಲು ಅನುಮಾನ ಪಡಬೇಕು. ಹೀಗೆ ಒಳಗೇ ರಕ್ತ ಕಟ್ಟಿಕೊಳ್ಳುವುದಕ್ಕೆ ಹೆಮಟೋಮಾ ಅನ್ನುತ್ತಾರೆ. ನೂರು ಜನರಲ್ಲಿ ಒಬ್ಬರಿಗೋ ಮೂವರಿಗೋ ಆಗುವಂಥದ್ದು.

ಒಳಗೆ ಏನಾಗುತ್ತದೆ

ಇಂಪ್ಲಾಂಟ್ ಕೂರಿಸಲು ಎದೆಯ ಸ್ನಾಯುವಿನ ಕೆಳಗೋ ಮೇಲೋ ಒಂದು ಜೇಬು ಮಾಡುತ್ತಾರೆ. ಆಗ ತುಂಡಾದ ಸಣ್ಣಪುಟ್ಟ ರಕ್ತನಾಳಗಳನ್ನು ಕರೆಂಟಿನ ಶಾಖದಿಂದ ಸುಟ್ಟು ಮುಚ್ಚುತ್ತಾರೆ. ಅರಿವಳಿಕೆಯಲ್ಲಿ ಬಿಪಿ ಇಳಿದಿರುತ್ತದೆ, ಎಲ್ಲ ಒಣಗಿದಂತೆ ಕಾಣುತ್ತದೆ. ಎಚ್ಚರವಾದ ಮೇಲೆ ನೋವು, ವಾಂತಿ, ಕೆಮ್ಮು, ಗಾಬರಿ. ಬಿಪಿ ಏರುತ್ತದೆ. ಮುಚ್ಚಿದ್ದ ಒಂದು ನಾಳ ಮತ್ತೆ ಬಾಯಿ ಬಿಡುತ್ತದೆ. ಜೇಬಿನಲ್ಲಿ ಜಾಗ ಇದೆಯಲ್ಲ, ರಕ್ತ ಅಲ್ಲೇ ತುಂಬಿಕೊಳ್ಳುತ್ತದೆ.

ಇದು ಹೆಚ್ಚಾಗಿ ಆಗುವುದು ಮೊದಲ 24ರಿಂದ 48 ಗಂಟೆಯೊಳಗೆ. ವಾರ, ಹತ್ತು ದಿನ ಕಳೆದ ಮೇಲೆ ಭಾರ ಎತ್ತಿಯೋ ಪೆಟ್ಟು ಬಿದ್ದೋ ಆಗುವುದೂ ಉಂಟು. ಮತ್ತೆ ಬಿಚ್ಚಿ ನೋಡಿದಾಗ ಎಷ್ಟೋ ಸಲ ಯಾವ ನಾಳ ಅಂತಲೇ ಸಿಗುವುದಿಲ್ಲ. ಹಾಗಾಗಿ ಡಾಕ್ಟರ ಕೈಗುಣ ಸರಿಯಿಲ್ಲ, ನನ್ನ ಹಣೆಬರಹ ಸರಿಯಿಲ್ಲ ಅಂತ ಲೆಕ್ಕ ಹಾಕುತ್ತಾ ಕೂರುವುದು ಸುಮ್ನೆ ಹೊತ್ತು ಕಳೆದಂತೆ. ಅಂದಹಾಗೆ, ಇದು ಹೆಂಗಸರ ತೊಂದರೆ ಮಾತ್ರ ಅಲ್ಲ. ಎದೆ ದಪ್ಪಗಿದೆ ಅಂತ ಆಪರೇಷನ್ ಮಾಡಿಸಿಕೊಳ್ಳುವ ಹುಡುಗರಿಗೂ, ಕ್ಯಾನ್ಸರ್ ಆದ ಮೇಲೆ ಎದೆಯನ್ನು ಮತ್ತೆ ಕಟ್ಟಿಸಿಕೊಂಡವರಿಗೂ ಆಗುತ್ತದೆ.

ಆಪರೇಷನ್‌ಗೆ ಮುಂಚೆಯೇ ಮಾಡಬೇಕಾದ್ದು

ಮೊದಲು ಮಾತ್ರೆ ಡಬ್ಬ ತೆಗೆದು ನೋಡಿ. ತಲೆನೋವು, ಸೊಂಟನೋವು ಅಂತ ನಾವು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಎಷ್ಟೋ ಸಲ ಐಬುಪ್ರೊಫೆನ್, ಡೈಕ್ಲೋಫೆನಾಕ್ ಅಥವಾ ಆಸ್ಪಿರಿನ್ ಇರುತ್ತದೆ. ಇವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆಸ್ಪಿರಿನ್ ಒಂದು ಸಲ ತೆಗೆದುಕೊಂಡರೆ ಅದರ ಗುಣ ಏಳರಿಂದ ಹತ್ತು ದಿನ ಉಳಿಯುತ್ತದೆ. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ನುಂಗುತ್ತಿದ್ದರೆ ಅದನ್ನೂ ಸರ್ಜನ್‌ಗೆ ಹೇಳಿ. ಸಾರಿನ ಒಗ್ಗರಣೆಗೆ ಹಾಕುವ ನಾಲ್ಕು ಎಸಳಿಗೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಹಾರ್ಟಿಗೆ ಅಂತ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ. ಅದನ್ನು ಕೊಟ್ಟ ಡಾಕ್ಟರೂ ಸರ್ಜನ್ನೂ ಮಾತಾಡಿಕೊಂಡು ಹೇಳಲಿ.

ಎರಡನೆಯದು, ಎಲ್ಲಿ ಉಳಿಯುತ್ತೀರಿ ಅನ್ನುವುದು. ತುಮಕೂರಿಂದ ಬೆಂಗಳೂರಿಗೆ 70 ಕಿಲೋಮೀಟರ್. ಖಾಲಿ ರಸ್ತೆಯಲ್ಲಿ ಒಂದೂವರೆ ಗಂಟೆ. ಸಂಜೆ ಹೊತ್ತು ಗೊರಗುಂಟೆಪಾಳ್ಯದ ಹತ್ತಿರ ಸಿಕ್ಕಿಕೊಂಡವರಿಗೆ ಗೊತ್ತು ಅದು ಎಷ್ಟು ಗಂಟೆ ಅಂತ. ಬೆಂಗಳೂರಿನಲ್ಲಿ ಮಾಡಿಸಿಕೊಳ್ಳುವುದಾದರೆ ಮೊದಲ ಎರಡು ರಾತ್ರಿ ಅಲ್ಲೇ, ಆಸ್ಪತ್ರೆಗೆ ಹತ್ತಿರ ಇರುವ ವ್ಯವಸ್ಥೆ ಮಾಡಿಕೊಳ್ಳಿ. ರೂಮಿನ ಬಾಡಿಗೆ ದಂಡ ಅನ್ನಿಸಬಹುದು. ಅನ್ನಿಸಲಿ.

ಮೂರನೆಯದು ನಂಬರ್. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ರಿಸೆಪ್ಷನ್ ನಂಬರ್ ಇದ್ದರೆ ಸಾಲದು, ಡ್ಯೂಟಿ ಡಾಕ್ಟರ ನಂಬರ್ ಬರೆಸಿಕೊಳ್ಳಿ. ಮತ್ತೆ ಥಿಯೇಟರಿಗೆ ಹೋಗಬೇಕಾಗಿ ಬಂದರೆ ಆ ಖರ್ಚು ಮೊದಲ ಪ್ಯಾಕೇಜಿನಲ್ಲೇ ಸೇರಿದೆಯಾ ಅಂತ ಮುಂಚೆಯೇ ಕೇಳಿ. ಅಂದಕ್ಕಾಗಿ ಮಾಡಿಸಿಕೊಳ್ಳುವ ಸರ್ಜರಿಗೆ ಆರೋಗ್ಯ ವಿಮೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರ ಮಾಡಿಸಿದರೆ ಆ ಮಾತು ಬೇರೆ.

ನಾಲ್ಕನೆಯದೇ ಕಷ್ಟದ್ದು. ನೀವಿರುವ ಮನೆಯಲ್ಲಿ ಒಬ್ಬರಿಗಾದರೂ ನಿಜ ಹೇಳಿರಬೇಕು. ಫೋನಿನಲ್ಲಿ ಸಿಗುವವರು ಸಾಲದು. ರಾತ್ರಿ ಎದ್ದು ಬಂದು ಲೈಟ್ ಹಾಕಿ ನೋಡುವವರು ಬೇಕು.

ಎರಡು ದಿನ ಹೀಗೆ ನೋಡಿಕೊಳ್ಳಿ

ಎಚ್ಚರ ಇರುವಾಗ ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಒಮ್ಮೆ ಅಲಾರಂ ಇಟ್ಟುಕೊಂಡು. ಒಂದೇ ಜಾಗ, ಒಂದೇ ಬೆಳಕು. ಎರಡೂ ಕಡೆ ಕಾಣುವಂತೆ ಫೋನಿನಲ್ಲಿ ಒಂದು ಫೋಟೋ. ಸರ್ಜಿಕಲ್ ಬ್ರಾ ಬಿಚ್ಚಿ ನೋಡಬಹುದಾ ಅಂತ ಡಿಸ್ಚಾರ್ಜ್ ಹೊತ್ತಿನಲ್ಲೇ ಕೇಳಿಕೊಂಡಿರಿ. ಬಿಚ್ಚಬಾರದು ಅಂದಿದ್ದರೆ ಮೇಲಿಂದಲೇ ನೋಡಿ. ಕಪ್ಪುನೀಲಿ ಬಣ್ಣ ಕಂಡರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯಿರಿ. ಮುಂದಿನ ಸಲ ಬಣ್ಣ ಗೆರೆ ದಾಟಿದೆಯಾ ಅಂತ ವಾದ ಮಾಡುವ ಅಗತ್ಯವೇ ಇರುವುದಿಲ್ಲ.

ನೋಡಬೇಕಾದ್ದು ಹೋಲಿಕೆ. ಒಂದು ಕಡೆ ಇದ್ದಕ್ಕಿದ್ದಂತೆ ದೊಡ್ಡದಾಯಿತಾ? ಚರ್ಮ ಬಿಗಿದು ಹೊಳೆಯುತ್ತಿದೆಯಾ? ಒಂದು ಕಡೆಯ ನೋವು ಮಾತ್ರ ಮಾತ್ರೆಗೂ ಬಗ್ಗದೆ ಏರುತ್ತಿದೆಯಾ? ಎದ್ದು ನಿಂತರೆ ತಲೆ ಸುತ್ತುತ್ತಿದೆಯಾ? ಡ್ರೈನ್, ಅಂದರೆ ಒಳಗಿನ ರಕ್ತ, ನೀರು ಹೊರಗೆ ಬರಲು ಇಡುವ ಪೈಪು, ಹಾಕಿ ಕಳಿಸಿದ್ದರೆ ಅದರಲ್ಲಿ ಬರುವುದರ ಬಣ್ಣ ದಿನೇದಿನೇ ಕೆಂಪಿನಿಂದ ತಿಳಿಗೆಂಪಿಗೆ, ಆಮೇಲೆ ಹಳದಿಗೆ ತಿರುಗಬೇಕು. ಮತ್ತೆ ಗಾಢ ಕೆಂಪು ಬಂದು ಬೇಗ ಬೇಗ ತುಂಬಿದರೆ ಫೋನ್ ಮಾಡಿ. ಊತ ಇದ್ದು ಡ್ರೈನ್ ಖಾಲಿ ಇದ್ದರೂ ಸಮಾಧಾನ ಪಡಬೇಡಿ. ಪೈಪಿನಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು.

ಊತ ಏರುತ್ತಿದೆ, ಈಗ?

ಮೊದಲು ಸರ್ಜನ್‌ಗೆ ಫೋನ್. ನಾಚಿಕೆ, ಡಾಕ್ಟರ ನಿದ್ದೆ ಕೆಡುತ್ತದೆ ಅನ್ನುವ ಸಂಕೋಚ ಎರಡೂ ಬೇಡ. ಹೇಳುವುದು ಇಷ್ಟಿರಲಿ: "ನಿನ್ನೆ ಬೆಳಗ್ಗೆ ಹತ್ತಕ್ಕೆ ಆಪರೇಷನ್ ಮುಗೀತು. ಎಡಗಡೆ ಸಂಜೆ ಏಳರಿಂದ ಊದ್ತಿದೆ, ಈಗ ಗಟ್ಟಿಯಾಗಿದೆ. ಬಲಗಡೆ ಸರಿಯಿದೆ. ನೋವಿನ ಮಾತ್ರೆ ಎಂಟಕ್ಕೆ ತಗೊಂಡೆ. ಊಟ ಮಾಡಿದ್ದು ಎಂಟೂವರೆಗೆ." ಫೋಟೋಗಳನ್ನು ವಾಟ್ಸಾಪ್ ಮಾಡಿ.

ಊಟದ ಹೊತ್ತು ಯಾಕೆ ಹೇಳಬೇಕು? ಮತ್ತೆ ಅರಿವಳಿಕೆ ಕೊಡಬೇಕಾಗಬಹುದು. ಗಟ್ಟಿ ಆಹಾರ ತಿಂದು ಸಾಮಾನ್ಯವಾಗಿ ಆರು ಗಂಟೆ ಆಗಿರಬೇಕು. ಹಾಲು ಹಾಕಿದ ಕಾಫಿಯೂ ಆಹಾರದ ಲೆಕ್ಕವೇ. ನಮ್ಮಲ್ಲಿ ಖಾಲಿ ಹೊಟ್ಟೆಯಲ್ಲಿ ಯಾರನ್ನೂ ಆಸ್ಪತ್ರೆಗೆ ಕಳಿಸಿ ಅಭ್ಯಾಸ ಇಲ್ಲ. "ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ತಿಂದ್ಕೊಂಡು ಹೋಗೋಣ" ಅನ್ನುವವರು ಕಾರಿನಲ್ಲಿ ಒಬ್ಬರಾದರೂ ಇರುತ್ತಾರೆ. ಅವರು ತಿನ್ನಲಿ, ನೀವು ತಿನ್ನಬೇಡಿ. ಡಾಕ್ಟರ್ ಹೇಳುವ ತನಕ ಏನೂ ಬಾಯಿಗೆ ಹಾಕಿಕೊಳ್ಳದೆ ಇರುವುದೇ ಒಳ್ಳೆಯದು.

ಶಾಖ ಕೊಡಬೇಡಿ. ಬಿಸಿನೀರಿನ ಬ್ಯಾಗು, ಹರಳೆಣ್ಣೆ ಕಾಯಿಸಿ ಹಚ್ಚುವುದು, ಅರಿಶಿನದ ಪಟ್ಟು ಯಾವುದೂ ಬೇಡ. ಬಿಸಿ ತಾಗಿದರೆ ನಾಳ ಹಿಗ್ಗಿ ರಕ್ತ ಇನ್ನೂ ಜಾಸ್ತಿ ಹರಿಯುತ್ತದೆ. ನೀವಿ ಕರಗಿಸಲು ಹೋಗಬೇಡಿ. ಸೂಜಿ ಚುಚ್ಚಿ ಎಳೆದುಬಿಡುತ್ತೇನೆ ಅಂತ ಹತ್ತಿರದ ಕ್ಲಿನಿಕ್ಕಿನಲ್ಲಿ ಯಾರಾದರೂ ಅಂದರೆ ಒಪ್ಪಬೇಡಿ. ಗಟ್ಟಿ ಹೆಪ್ಪು ಸೂಜಿಯಲ್ಲಿ ಬರುವುದಿಲ್ಲ, ಇಂಪ್ಲಾಂಟ್ ತೂತಾಗಬಹುದು. ಐಸ್ ಇಡಬಹುದಾ ಅಂತ ಡಾಕ್ಟರನ್ನೇ ಕೇಳಿ. ಇಟ್ಟರೂ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಮಾತ್ರ. ಆಪರೇಷನ್ ಆದ ಚರ್ಮಕ್ಕೆ ಮುಟ್ಟಿದ್ದು ಸರಿಯಾಗಿ ಗೊತ್ತಾಗುವುದಿಲ್ಲ, ಐಸಿನಿಂದಲೇ ಸುಟ್ಟುಹೋಗಬಹುದು. ತಲೆ, ಬೆನ್ನು ಎತ್ತರಿಸಿಕೊಂಡು ಒರಗಿರಿ. ಕೈ ಊರಿ ಏಳಬೇಡಿ, ಯಾರಾದರೂ ಬೆನ್ನಿಗೆ ಕೈ ಕೊಟ್ಟು ಏಳಿಸಲಿ.

ಬೆಂಗಳೂರಿಗೆ ಹೋಗಬೇಕಾ, ಇಲ್ಲೇ ತೋರಿಸಬೇಕಾ? ಮಾತಾಡಿಕೊಂಡು, ನಡೆದಾಡಿಕೊಂಡು ಇದ್ದು ಸರ್ಜನ್ ಬನ್ನಿ ಅಂದರೆ ಕಾರಿನಲ್ಲಿ ಹೋಗಿ. ನೀವೇ ಓಡಿಸಬೇಡಿ, ಬಸ್ಸೂ ಬೇಡ. ಸುಮ್ಮನೆ ಮಲಗಿದ್ದರೂ ನಾಡಿ ನಿಮಿಷಕ್ಕೆ ನೂರು ದಾಟಿದ್ದರೆ, ತಣ್ಣಗೆ ಬೆವರುತ್ತಿದ್ದರೆ, ಕಣ್ಣು ಕತ್ತಲೆ ಬಂದರೆ, ಉಸಿರು ಕಟ್ಟಿದಂತಾದರೆ ಬೆಂಗಳೂರಿನ ಯೋಚನೆ ಬಿಡಿ. 108ಕ್ಕೆ ಫೋನ್ ಮಾಡಿ ಜಿಲ್ಲಾಸ್ಪತ್ರೆಗೋ ಹತ್ತಿರದ ಮೆಡಿಕಲ್ ಕಾಲೇಜಿನ ಎಮರ್ಜೆನ್ಸಿಗೋ ಹೋಗಿ. ರಕ್ತ ನಿಲ್ಲಿಸುವ ಕೆಲಸ ಜನರಲ್ ಸರ್ಜನ್‌ಗೂ ಗೊತ್ತು. ಎದೆಯ ಅಂದ ಆಮೇಲೆ ನೋಡಿಕೊಳ್ಳಬಹುದು. ಅಲ್ಲಿ ಏನು ಆಪರೇಷನ್ ಅಂತ ಮುಚ್ಚಿಡದೆ ಹೇಳಿ. ಡಿಸ್ಚಾರ್ಜ್ ಕಾಗದ, ಇಂಪ್ಲಾಂಟ್ ಕಾರ್ಡ್, ಮಾತ್ರೆ ಚೀಟಿ ಮೂರೂ ಒಂದೇ ಕವರಿನಲ್ಲಿರಲಿ.

ಆ ಹುಡುಗಿಗೂ ನಾನು ಹೇಳಿದ್ದು ಇದನ್ನೇ. "ಮೊದಲು ಬಾಗಿಲು ತೆಗಿ, ಅತ್ತೆಗೆ ಹೇಳು." ಆಚೆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಚಿಲಕದ ಸದ್ದು ಕೇಳಿಸಿತು. ಅವರು ಬೈಯುತ್ತಾರೆ ಅಂತ ನಾನೂ ಅಂದುಕೊಂಡಿದ್ದೆ. ಫೋನಿನಲ್ಲಿ ಕೇಳಿಸಿದ್ದು ಇಷ್ಟು: "ಕಾಗ್ದ ಎಲ್ಲಿಟ್ಟಿದ್ದೀಯೇ? ಸ್ವೆಟರ್ ಹಾಕ್ಕೊ." ಒಂದು ಗಂಟೆಗೆ ಪಕ್ಕದ ಮನೆಯ ಕಾರಿನಲ್ಲಿ ಇಬ್ಬರೂ ಹೊರಟರು.

ಆಸ್ಪತ್ರೆಯಲ್ಲಿ

ಸಣ್ಣದು, ಬೆಳೆಯುತ್ತಿಲ್ಲ ಅಂದರೆ ನೋಡುತ್ತಾ ಕಾಯುತ್ತಾರೆ. ಅನುಮಾನ ಇದ್ದರೆ ಅಲ್ಟ್ರಾಸೌಂಡ್. ದೊಡ್ಡದು, ಬೆಳೆಯುತ್ತಿದೆ ಅಂದರೆ ಥಿಯೇಟರ್. ಅದೇ ಹೊಲಿಗೆ ಬಿಚ್ಚಿ, ಹೆಪ್ಪು ತೆಗೆದು, ಜೇಬು ತೊಳೆದು, ರಕ್ತ ಬರುವ ಕಡೆ ಸುಟ್ಟು, ಇಂಪ್ಲಾಂಟ್ ವಾಪಸ್ ಕೂರಿಸಿ ಹೊಲಿಯುತ್ತಾರೆ. ಡ್ರೈನ್ ಹಾಕಬಹುದು. ಇಷ್ಟೆಲ್ಲ ಯಾಕೆ, ತಾನೇ ಕರಗಲ್ವಾ ಅಂತ ಕೇಳುತ್ತಾರೆ. ಸಣ್ಣದು ಕರಗುತ್ತದೆ. ದೊಡ್ಡದನ್ನು ಬಿಟ್ಟರೆ ಚರ್ಮಕ್ಕೆ ಒತ್ತಡ, ಸೋಂಕಿನ ಭಯ. ಇಂಪ್ಲಾಂಟ್ ಸುತ್ತ ದೇಹ ಕಟ್ಟುವ ಪೊರೆ ಮುಂದೆ ಗಟ್ಟಿಯಾಗಿ ಹಿಂಡುವ ಸಾಧ್ಯತೆಯೂ ಜಾಸ್ತಿ. ಹೊತ್ತಿಗೆ ಸರಿಯಾಗಿ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ.

ಮನೆಗೆ ಬಂದ ಮೇಲೆ

ಕಪ್ಪುನೀಲಿ ಬಣ್ಣ ಪಕ್ಕೆಗೆ, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಗಾಬರಿ ಬೇಡ, ರಕ್ತ ತೂಕಕ್ಕೆ ಕೆಳಗೆ ಜಾರುತ್ತದೆ. ಎರಡು ಮೂರು ವಾರದಲ್ಲಿ ಹಸಿರಾಗಿ, ಹಳದಿಯಾಗಿ ಮಾಯ.

ಇನ್ನು ಕೆಲಸ. "ಭಾರ ಎತ್ತಬೇಡಿ" ಅಂದರೆ ನಮ್ಮ ಹೆಂಗಸರು ಸಿಲಿಂಡರ್, ಅಕ್ಕಿ ಮೂಟೆ ಅಂತಷ್ಟೇ ತಿಳಿಯುತ್ತಾರೆ. ಯಾರೂ ನೆನೆಸಿಕೊಳ್ಳದ್ದು ಮುದ್ದೆ. ಪಾತ್ರೆಯನ್ನು ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ಹಿಟ್ಟು ತಿರುವುವಾಗ ದುಡಿಯುವ ಸ್ನಾಯುಗಳಲ್ಲಿ ಇಂಪ್ಲಾಂಟಿಗೆ ತಾಗಿಕೊಂಡಿರುವ ಎದೆಯ ಸ್ನಾಯುವೂ ಒಂದು. ಐದು ಜನರ ಮುದ್ದೆ ತಿರುವುವುದು ಸಣ್ಣ ವ್ಯಾಯಾಮವಲ್ಲ. ಸರ್ಜನ್ ಹೂಂ ಅನ್ನುವ ತನಕ ಬೇರೆಯವರು ತಿರುವಲಿ, ಇಲ್ಲವೇ ಅನ್ನ ತಿನ್ನಿ. ಕಲ್ಲಿನ ಮೇಲೆ ಬಟ್ಟೆ ಒಗೆಯುವುದು, ನೆಲ ಒರೆಸುವುದು, ಅಟ್ಟದಿಂದ ಡಬ್ಬ ಇಳಿಸುವುದು, ಮಗುವನ್ನು ಎತ್ತಿಕೊಳ್ಳುವುದೂ ಇದೇ ಪಟ್ಟಿಗೆ. ಸ್ಕೂಟಿಯೂ ಬೇಡ. ಮಲಬದ್ಧತೆ ಆಗದಂತೆ ನೀರು, ಸೊಪ್ಪು ಜಾಸ್ತಿ. ಮುಕ್ಕಿದರೆ ಬಿಪಿ ಏರುತ್ತದೆ.

ವಾರ ಕಳೆದ ಮೇಲೆ ಜ್ವರ, ಕೆಂಪು, ಬಿಸಿ ಕಂಡರೆ ಸೋಂಕಿರಬಹುದು. ಮೆತ್ತಗೆ, ನೀರು ತುಂಬಿದಂತೆ ಕುಲುಕಿದರೆ ಸೆರೋಮಾ, ಅಂದರೆ ಒಳಗೆ ನೀರಿನಂಥ ದ್ರವ ಸೇರಿಕೊಂಡಿರುವುದು, ಇರಬಹುದು. ಎರಡಕ್ಕೂ ಡಾಕ್ಟರ್ ಬೇಕು. ವರ್ಷಗಳಾದ ಮೇಲೆ ಒಂದು ಕಡೆ ಸುಮ್ಮಸುಮ್ಮನೆ ಊದಿದರೂ ಹೋಗಿ ತೋರಿಸಿ. ಒರಟು ಮೈಯ ಇಂಪ್ಲಾಂಟ್‌ಗಳ ಸುತ್ತ ತೀರಾ ಅಪರೂಪಕ್ಕೆ ಲಿಂಫೋಮಾ ಅನ್ನುವ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ. ಇದೇ ಕಾರಣಕ್ಕೆ 2019ರಲ್ಲಿ ಅಲರ್ಗಾನ್ ಕಂಪನಿ ತನ್ನ ಅಂಥ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ಪಡೆಯಿತು. ನಿಮ್ಮೊಳಗಿರುವುದು ಯಾವ ಕಂಪನಿಯದು, ಯಾವ ನಂಬರಿನದು ಅಂತ ಆಗ ಡಾಕ್ಟರ್ ಕೇಳಿಯೇ ಕೇಳುತ್ತಾರೆ. ಅದೆಲ್ಲ ಇರುವುದು ಇಂಪ್ಲಾಂಟ್ ಕಾರ್ಡಿನಲ್ಲಿ. ನಮ್ಮ ಬೀದಿಯ ಹುಡುಗಿಯ ಕಾರ್ಡು ಈಗ ಅವರ ಮನೆ ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿದೆ. ಇಟ್ಟವರು ಅವಳ ಅತ್ತೆ.