ಯೆನ್ಸ್ ವೈಸ್‌ಫ್ಲೋಗ್ ಜಿಗಿತ ನೋಡುವುದು ಹೇಗೆ?

ಸ್ಕೀ ಜಂಪಿಂಗ್ ಅಂದರೆ ಕಾಲಿಗೆ ಉದ್ದನೆಯ ಸ್ಕೀ ಹಲಗೆ ಕಟ್ಟಿ, ಇಳಿಜಾರಿನಲ್ಲಿ ಜಾರಿ ಬಂದು ದೂರಕ್ಕೆ ಹಾರುವ ಆಟ. ಅದನ್ನು ಹೊಸದಾಗಿ ನೋಡುವವರು ಈಗಿನ ಸ್ಪರ್ಧೆಗಳಿಂದ ಶುರು ಮಾಡಬೇಡಿ. ಗಾಳಿಗಿಷ್ಟು, ಗೇಟ್ (ಜಾರಲು ಶುರು ಮಾಡುವ ಜಾಗ) ಬದಲಾದರಿಷ್ಟು ಅಂತ ಅಂಕದ ಲೆಕ್ಕದಲ್ಲೇ ತಲೆ ಕೆಡುತ್ತದೆ. ಜರ್ಮನಿಯ ಸ್ಕೀ ಜಿಗಿತಗಾರ ಯೆನ್ಸ್ ವೈಸ್‌ಫ್ಲೋಗ್ ಅವರ ಎರಡು ಹಳೆಯ ಚಳಿಗಾಲದ ಒಲಿಂಪಿಕ್ಸ್ ವಿಡಿಯೊ ಹುಡುಕಿ: 1984ರ ಸರಾಯೆವೊ, 1994ರ ಲಿಲ್ಲೆಹ್ಯಾಮರ್. ನಾನಿರುವುದು ಜರ್ಮನಿಯ ಕೆಮ್ನಿಟ್ಸ್‌ನಲ್ಲಿ. ಅವರು ಬೆಳೆದ ಬೆಟ್ಟಸಾಲು ಇಲ್ಲಿಗೆ ಹತ್ತಿರ. ಮನೆಗೆ ಬರುವ ಕನ್ನಡದ ಗೆಳೆಯರಿಗೆಲ್ಲ ನಾನು ಇವೆರಡನ್ನೇ ತೋರಿಸುತ್ತೇನೆ.

ಮೊದಲು ಸರಾಯೆವೊ. ಪೂರ್ವ ಜರ್ಮನಿಯ 19ರ ಹುಡುಗ. ಮುಖ ನೋಡಬೇಡಿ, ಸ್ಕೀ ನೋಡಿ. ಎರಡೂ ಒಂದಕ್ಕೊಂದು ಅಂಟಿದಂತೆ ಜೋಡಿಯಾಗಿರುತ್ತವೆ. ಆಗ ಅದೇ ಸರಿಯಾದ ಶೈಲಿ. ಜಿಗಿಯುವ ಇಳಿಜಾರಿಗೆ ಈ ಆಟದಲ್ಲಿ ಬೆಟ್ಟ ಅಂತಾರೆ; ಸಣ್ಣದಕ್ಕೊಂದು, ದೊಡ್ಡದಕ್ಕೊಂದು ಸ್ಪರ್ಧೆ. ಸಣ್ಣ ಬೆಟ್ಟದಲ್ಲಿ ಫಿನ್ಲೆಂಡಿನ ಮಾಟ್ಟಿ ನ್ಯುಕಾನೆನ್ ಅವರನ್ನು ಬರೀ 1.2 ಅಂಕದಿಂದ ಹಿಂದೆ ಹಾಕಿ ಚಿನ್ನ ಗೆದ್ದರು. ದೊಡ್ಡ ಬೆಟ್ಟದಲ್ಲಿ ಚಿನ್ನ ನ್ಯುಕಾನೆನ್‌ಗೆ, ಬೆಳ್ಳಿ ಇವರಿಗೆ.

ತಕ್ಷಣ ಎರಡನೇ ವಿಡಿಯೊ ಹಾಕಬೇಡಿ. ನಡುವೆ ಆಗಿದ್ದು ಗೊತ್ತಿದ್ದರೇ ಅದರ ಬೆಲೆ ತಿಳಿಯುವುದು. ಸ್ವೀಡನ್ನಿನ ಯಾನ್ ಬೊಕ್ಲೆವ್ ಸ್ಕೀಗಳ ಮುಂದಿನ ತುದಿ ಅಗಲಿಸಿ ಹಾರತೊಡಗಿದರು. ದೇಹದ ಕೆಳಗೆ ಜಾಸ್ತಿ ಗಾಳಿ ಸಿಕ್ಕಿ ದೂರ ಹೋಗಬಹುದು. ತೀರ್ಪುಗಾರರು ಶೈಲಿಯ ಅಂಕ ಕತ್ತರಿಸಿದರು. ಆದರೂ 1988-89ರ ವಿಶ್ವಕಪ್ ಅವರದೇ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಇದೇ V ಶೈಲಿಯಲ್ಲಿ 16ರ ಟೋನಿ ನಿಯೆಮಿನೆನ್ ಚಿನ್ನ ಗೆದ್ದರು. ವೈಸ್‌ಫ್ಲೋಗ್‌ಗೆ ಅಲ್ಲಿ ಒಂದು ಪದಕವೂ ಇಲ್ಲ. ಅವರೂ V ಶೈಲಿ ಕಲಿಯಬೇಕಾಯಿತು. ಬಾಲ್ಯದಿಂದ ಮೈಗೆ ಹತ್ತಿದ್ದನ್ನು ಮರೆತು, ಆ ವೇಗದಲ್ಲಿ, ಆ ಎತ್ತರದಲ್ಲಿ ಹೊಸದಾಗಿ ಹಾರಲು ಕಲಿಯುವುದು ಸುಮ್ನೆ ಮಾತಲ್ಲ. ನನಗೆ ಅವರ ಎಲ್ಲ ಪದಕಗಳಿಗಿಂತ ಇದೇ ದೊಡ್ಡದು.

ಈಗ ಲಿಲ್ಲೆಹ್ಯಾಮರ್ ಹಾಕಿ. ಅದೇ ಮನುಷ್ಯ, 29 ವರ್ಷ, ಒಂದಾದ ಜರ್ಮನಿಯ ಅಂಗಿ. ಸ್ಕೀ ಮಾತ್ರ V ಆಕಾರದಲ್ಲಿ! ಚಿಮ್ಮುವಾಗ ಒಮ್ಮೆ, ಇಳಿಯುವಾಗ ಒಮ್ಮೆ ವಿಡಿಯೊ ನಿಲ್ಲಿಸಿ. ಇಳಿಯುವಾಗ ಒಂದು ಕಾಲು ಮುಂದೆ, ಮಂಡಿ ಬಾಗಿ, ಕೈ ಅಗಲಿಸಿರಬೇಕು. ಅದೇ ಟೆಲಿಮಾರ್ಕ್. ಐವರು ತೀರ್ಪುಗಾರರು ತಲಾ 20ಕ್ಕೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ.

ದೂರದ ಅಂಕ ನೀವೇ ಲೆಕ್ಕ ಹಾಕಿ. ಆ ಬೆಟ್ಟದ ಗುರಿ 120 ಮೀಟರ್. ಅಲ್ಲಿಗೆ ಮುಟ್ಟಿದರೆ 60 ಅಂಕ. ಆಮೇಲೆ ಪ್ರತಿ ಮೀಟರಿಗೆ 1.8 ಕೂಡಿಸಿ, ಕಡಿಮೆಯಾದರೆ ಕಳೆಯಿರಿ. ತಂಡ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ವೈಸ್‌ಫ್ಲೋಗ್ 135.5 ಮೀಟರ್ ಹಾರಿದರು: 87.9 ಅಂಕ. ಮುಂದಿದ್ದ ಜಪಾನಿನ ಮಸಾಹಿಕೊ ಹರಾದಾ 97.5ಕ್ಕೇ ಇಳಿದರು: 19.5. ಚಿನ್ನ ಜರ್ಮನಿಗೆ ಹೋಯಿತು. ಹರಾದಾ ಮುಖ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತೆ, ಅಲ್ವಾ? ದೊಡ್ಡ ಬೆಟ್ಟದ ವೈಯಕ್ತಿಕ ಚಿನ್ನವೂ ವೈಸ್‌ಫ್ಲೋಗ್ ಅವರದೇ.

1996ರಲ್ಲಿ ನಾಲ್ಕು ಬೆಟ್ಟಗಳ ಟೂರ್ನಿಯನ್ನು (ಜರ್ಮನಿ, ಆಸ್ಟ್ರಿಯಾಗಳ ನಾಲ್ಕು ಕಡೆ ಪ್ರತಿ ವರ್ಷ ನಡೆಯುವ ಸ್ಪರ್ಧೆ) ನಾಲ್ಕನೇ ಸಲ ಗೆದ್ದು, ಅದೇ ವರ್ಷ ನಿವೃತ್ತರಾದರು. ಆಮೇಲೆ ತಾವು ಬೆಳೆದ ಬೆಟ್ಟಸಾಲಿನಲ್ಲೇ ಇರುವ ಓಬರ್‌ವೀಸೆಂಟಾಲ್‌ ಊರಿನಲ್ಲಿ ಹೋಟೆಲ್ ನಡೆಸಿದರು. ಇಷ್ಟು ನೋಡಿದ ಮೇಲೆ 1998ರ ನಾಗಾನೊ ತಂಡ ಸ್ಪರ್ಧೆ ಹುಡುಕಿ. ಹರಾದಾ ಅಲ್ಲಿ 137 ಮೀಟರ್ ಹಾರಿ ಜಪಾನಿಗೆ ಚಿನ್ನ ತಂದರು.