ಸಕ್ಕರೆ ಕಾಯಿಲೆಯವರ ಕಣ್ಣು ನೋಡುವಾಗ ನಾನು ಅನುಸರಿಸುವ ಕ್ರಮ

ಚಾರ್ಟಿನ ಕೊನೆಯ ಸಾಲನ್ನು ತಡವರಿಸದೆ ಓದಿಬಿಟ್ಟರೆ ಕಣ್ಣು ಚೆನ್ನಾಗಿದೆ ಎಂದೇ ಹೆಚ್ಚಿನವರ ಲೆಕ್ಕ. ಆದರೆ ನೋಟದ ನಡುಭಾಗವಾದ ಮ್ಯಾಕ್ಯುಲಾ ಸರಿಯಿದ್ದರೆ ಸಾಕು, 6/6 (ಪೂರ್ಣ ನೋಟ) ಬರುತ್ತದೆ. ಅದರಾಚೆ, ಕಣ್ಣಿನ ಹಿಂಪರದೆಯಾದ ರೆಟಿನಾದಲ್ಲಿ ಕಾಯಿಲೆಯಿಂದ ಹೊಸ ರಕ್ತನಾಳಗಳು ಹಬ್ಬಿದ್ದರೂ ಬರುತ್ತದೆ. ಹಾಗಾಗಿ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡದೆ ನಾನು ಏನನ್ನೂ ಬರೆದುಕೊಡುವುದಿಲ್ಲ.

ಮೊದಲು ಕೇಳುವುದು ಕಾಯಿಲೆಗೆ ಎಷ್ಟು ವರ್ಷವಾಯಿತು ಎಂದು. ಅಪಾಯವನ್ನು ಅಳೆಯಲು ಅವಧಿಯಷ್ಟು ಗಟ್ಟಿಯಾದ ಸೂಚನೆ ಬೇರೊಂದಿಲ್ಲ. ಆಮೇಲೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ), ಬಿಪಿ, ಮೂತ್ರದಲ್ಲಿ ಆಲ್ಬುಮಿನ್ (ಕಿಡ್ನಿಯಿಂದ ಸೋರುವ ಪ್ರೋಟೀನ್), ಹಿಮೋಗ್ಲೋಬಿನ್. ಈ ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ರಕ್ತಹೀನತೆಯಿದ್ದರೆ ರೆಟಿನಾಗೆ ಆಮ್ಲಜನಕದ ಕೊರತೆ ಇನ್ನಷ್ಟು ಹೆಚ್ಚುತ್ತದೆ. ಎಚ್‌ಬಿಎ1ಸಿ ಈಗೆಷ್ಟು ಎನ್ನುವುದರ ಜೊತೆಗೆ ಎಷ್ಟು ಬೇಗ ಇಳಿಯಿತು ಎಂದೂ ಕೇಳುತ್ತೇನೆ. 1993ರಲ್ಲಿ ಪ್ರಕಟವಾದ ಡಿಸಿಸಿಟಿ ಎಂಬ ಟೈಪ್ 1 ರೋಗಿಗಳ ಅಧ್ಯಯನದಲ್ಲಿ ಸಕ್ಕರೆಯ ಬಿಗಿ ನಿಯಂತ್ರಣದಿಂದ ಹೊಸದಾಗಿ ರೆಟಿನೋಪತಿ (ಸಕ್ಕರೆಯಿಂದ ರೆಟಿನಾಗೆ ಆಗುವ ಹಾನಿ) ಬರುವ ಅಪಾಯ 76% ಇಳಿಯಿತು. ಆದರೆ ಮೊದಲ ತಿಂಗಳುಗಳಲ್ಲಿ ಕೆಲವರ ಕಣ್ಣು ಹದಗೆಟ್ಟದ್ದೂ ಅಲ್ಲೇ ಕಂಡಿತು. ಅದಕ್ಕೆ ಹೆದರಿ ಚಿಕಿತ್ಸೆ ಸಡಿಲಿಸಬಾರದು, ಮರುಪರೀಕ್ಷೆಯನ್ನು ಬೇಗ ಇಟ್ಟುಕೊಳ್ಳಬೇಕು.

ಇನ್ನು ನೋಟ: ಮೊದಲು ಕನ್ನಡಕದೊಂದಿಗೆ, ಆಮೇಲೆ ಪಿನ್‌ಹೋಲ್‌ನಿಂದ (ಸಣ್ಣ ತೂತಿನ ಫಲಕದ ಮೂಲಕ). ಪಿನ್‌ಹೋಲ್‌ನಲ್ಲೂ ಸುಧಾರಿಸದಿದ್ದರೆ ಪೊರೆ ಅಥವಾ ಮ್ಯಾಕ್ಯುಲಾದ ಕಡೆ ಅನುಮಾನ ಹೋಗುತ್ತದೆ. ಸಕ್ಕರೆ ಏರಿಳಿಯುತ್ತಿರುವಾಗ ಕಣ್ಣಿನ ಮಸೂರವೇ ಉಬ್ಬಿ ಪವರ್ ಬದಲಾಗುತ್ತದೆ; ಕೆಲವು ವಾರ ಸಕ್ಕರೆ ಸ್ಥಿರವಾಗುವ ತನಕ ಹೊಸ ಕನ್ನಡಕ ಮಾಡಿಸುವುದು ದುಡ್ಡು ದಂಡ.

ಹನಿಗೆ ಮುಂಚೆಯೇ, ಪಾಪೆಯ ಸುತ್ತಲಿನ ಬಣ್ಣದ ಭಾಗವಾದ ಐರಿಸ್‌ನ ಒಳಅಂಚು ನೋಡಬೇಕು. ಅಲ್ಲಿ ಹೊಸ ನಾಳಗಳಿದ್ದರೆ ಪಾಪೆ ಹಿಗ್ಗಿದ ಮೇಲೆ ಕಾಣುವುದಿಲ್ಲ, ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಗ್ಲಾಕೋಮಾದ ಮುನ್ಸೂಚನೆ ಕೈತಪ್ಪುತ್ತದೆ. ಕಣ್ಣಿನ ಒತ್ತಡ, ಐರಿಸ್ ಕಣ್ಣಿನ ಮುಂಪರದೆಗೆ ಸೇರುವ ಕೋನದ ಆಳವನ್ನೂ ಆಗಲೇ ನೋಡಿಬಿಡುತ್ತೇನೆ. ಬಳಿಕ ಪಾಪೆ ಹಿಗ್ಗಿಸುವ 1% ಟ್ರೋಪಿಕಮೈಡ್ ಹನಿ. ಹಳೆಯ ಕಾಯಿಲೆಯವರಲ್ಲಿ ನರದ ತೊಂದರೆಯಿಂದ ಪಾಪೆ ಮೊಂಡು ಹಿಡಿಯುತ್ತದೆ, ಆಗ 2.5% ಫಿನೈಲೆಫ್ರಿನ್ ಸೇರಿಸುತ್ತೇನೆ. ಬಿಪಿ ಏರುವ ಭಯವಿರುವುದರಿಂದ 10%ದ್ದನ್ನು ಮುಟ್ಟುವುದಿಲ್ಲ. 20–30 ನಿಮಿಷ ಕಾಯಬೇಕು. ಅರ್ಧ ಹಿಗ್ಗಿದ ಪಾಪೆಯಲ್ಲಿ ಆತುರಪಟ್ಟು ನೋಡಿದರೆ ಅಂಚಿನದೆಲ್ಲ ತಪ್ಪಿಹೋಗುತ್ತದೆ. ಅಂದು ಮನೆಗೆ ಗಾಡಿ ಓಡಿಸಿಕೊಂಡು ಹೋಗಬೇಡಿ ಎಂದು ಮೊದಲೇ ಹೇಳಿರಬೇಕು.

ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣು ನೋಡುವ ಸೂಕ್ಷ್ಮದರ್ಶಕ) ರೆಟಿನಾ ತೋರಿಸುವ 90 ಡಿ ಲೆನ್ಸ್ ಹಿಡಿದು ಮೊದಲು ಮ್ಯಾಕ್ಯುಲಾ, ಆಮೇಲೆ ದೃಷ್ಟಿನರ ಕಣ್ಣಿಗೆ ಸೇರುವ ತಟ್ಟೆ, ಕೊನೆಗೆ ರೆಟಿನಾದ ನಾಲ್ಕು ಭಾಗಗಳು. ನಾಲ್ಕರಲ್ಲೂ ತೀವ್ರ ರಕ್ತಸ್ರಾವ, ಅಥವಾ ಎರಡರಲ್ಲಿ ಮಣಿಸರದಂತೆ ಉಬ್ಬುತಗ್ಗಾದ ಸಿರೆ, ಅಥವಾ ಒಂದರಲ್ಲಿ ರೆಟಿನಾದೊಳಗೇ ಸ್ಪಷ್ಟವಾಗಿ ಕಾಣುವ ಸೊಟ್ಟ ಕಿರುನಾಳಗಳು: ಇವುಗಳಲ್ಲಿ ಯಾವುದೊಂದಿದ್ದರೂ ತೀವ್ರ ಹಂತ. ಅಂಥವರನ್ನು ಮೂರು ತಿಂಗಳೊಳಗೆ ಮತ್ತೆ ನೋಡಲೇಬೇಕು. ಏನೂ ಇಲ್ಲದವರಿಗೆ ವರ್ಷಕ್ಕೊಮ್ಮೆ ಸಾಕು. ಮ್ಯಾಕ್ಯುಲಾ ದಪ್ಪಗಾದಂತೆ ಕಂಡರೆ ಒಸಿಟಿ (ರೆಟಿನಾದ ಪದರಗಳ ಸ್ಕ್ಯಾನ್) ಮಾಡಿಸುತ್ತೇನೆ. ಪೊರೆಯ ಆಪರೇಷನ್‌ಗೆ ಮುಂಚೆಯಂತೂ ಕಡ್ಡಾಯ, ಇಲ್ಲದಿದ್ದರೆ ಆಮೇಲೆ ಊತ ಜಾಸ್ತಿಯಾಗಿ ಆಪರೇಷನ್ನೇ ಕೆಟ್ಟಿತೆಂಬ ಮಾತು ಬರುತ್ತದೆ.

ಮೊದಲ ಪರೀಕ್ಷೆ ಯಾವಾಗ? ಟೈಪ್ 2 ಆದರೆ ಕಾಯಿಲೆ ಗೊತ್ತಾದ ಕೂಡಲೇ, ಟೈಪ್ 1 ಆದರೆ ಐದು ವರ್ಷದೊಳಗೆ. ಮೊದಲಿಂದ ಸಕ್ಕರೆ ಇದ್ದು ಗರ್ಭಿಣಿಯಾದವರಿಗೆ ಮೊದಲ ಮೂರು ತಿಂಗಳಲ್ಲೇ.

ಹೊಸ ನಾಳಗಳಿಗೆ ಲೇಸರ್ ಇದೆ, ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ನೂ ಇದೆ. ಆಯ್ಕೆ ಮಾಡುವಾಗ ನಾನು ಗಮನಿಸುವುದು ರೋಗಿ ತಪ್ಪದೆ ಮತ್ತೆ ಬರಬಲ್ಲರೇ ಎಂಬುದನ್ನು. ಬರೀ ಇಂಜೆಕ್ಷನ್ ನೆಚ್ಚಿ ನಡುವೆ ಬಿಟ್ಟವರ ನಾಳಗಳು ಮತ್ತೆ ಬೆಳೆದು ರೆಟಿನಾವನ್ನೇ ಕಿತ್ತೆಳೆಯಬಹುದು. ಬರುವುದು ಅನುಮಾನವಿದ್ದರೆ ಲೇಸರ್ ಮುಗಿಸಿಯೇ ಕಳಿಸುತ್ತೇನೆ.