ನಮೂನೆಯಲ್ಲಿ ಇಲ್ಲದ ಕಲಂಗಳು

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಉಡುಪಿ ಶೇ 94ರೊಂದಿಗೆ ಮೊದಲು, ನಮ್ಮ ಯಾದಗಿರಿ ಶೇ 50.59ರೊಂದಿಗೆ ಕಟ್ಟಕಡೆಗೆ. ನಕಲು ತಡೆಯಲು ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ವರ್ಷ ಅದು. ಇಡೀ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿದಿತ್ತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ನಾನು ಸರ್ಕಾರಿ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ. ಫಲಿತಾಂಶ ವಿಶ್ಲೇಷಣೆಯ ನಮೂನೆ ಮೊಬೈಲಿಗೆ ಬಂದು ಬಿತ್ತು, ಸಂಜೆಯೊಳಗೆ ಭರ್ತಿ ಮಾಡಿ ಕಳುಹಿಸಬೇಕು. ಬಾಲಕ, ಬಾಲಕಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಎ, 2ಬಿ, 3ಎ, 3ಬಿ, ಇತರೆ. ಕೊನೆಯಲ್ಲಿ ಬೆರಳಗಲದ ಒಂದು ಕಲಂ: ‘ಫಲಿತಾಂಶ ಕಡಿಮೆಯಾಗಲು ಕಾರಣ’.

ಎಲ್ಲರೂ ಬರೆಯುವುದನ್ನೇ ನಾನೂ ಬರೆದೆ: ‘ವಿದ್ಯಾರ್ಥಿಗಳ ಗೈರುಹಾಜರಿ’. ಮುಖ್ಯ ಶಿಕ್ಷಕರು ಸಹಿ ಹಾಕುವ ಮೊದಲು ತಲೆ ಎತ್ತಿದರು. “ಇದನ್ನು ಹೇಗೆ ಬರೆಯುತ್ತೀರಿ ಸರ್? ನಮ್ಮ ಹಾಜರಿ ಪುಸ್ತಕದ ಪ್ರಕಾರ ಎಲ್ಲರೂ ಶೇ 75 ದಾಟಿದ್ದಾರೆ. ದಾಟದಿದ್ದರೆ ಪರೀಕ್ಷೆಗೇ ಕೂರುತ್ತಿರಲಿಲ್ಲ.”

ಅವರು ಹೇಳಿದ್ದು ಸರಿಯಾಗಿತ್ತು. ಹಾಜರಿ ಪುಸ್ತಕ ಸುಳ್ಳು ಹೇಳುತ್ತಿತ್ತು, ಆ ಸುಳ್ಳನ್ನು ಬರೆದವರು ನಾವೇ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯೊಬ್ಬಳು ಮೂರು ವಾರ ಬಾರದಿದ್ದರೆ, ‘ಪಾಪ, ಪರೀಕ್ಷೆ ತಪ್ಪಿದರೆ ಮನೆಯವರು ಮದುವೆ ಮಾಡಿಬಿಡುತ್ತಾರೆ’ ಎಂದು ಗುರುತು ಹಾಕಿಬಿಡುತ್ತಿದ್ದೆವು. ಅದಕ್ಕೆ ಈಗಲೂ ನನಗೆ ಪೂರ್ತಿ ಪಶ್ಚಾತ್ತಾಪವಿಲ್ಲ. ಆದರೆ ಅದೇ ಪುಸ್ತಕ ಹಿಡಿದು ವಿಶ್ಲೇಷಣೆ ಮಾಡಲು ಕೂರುವುದು ಹುಚ್ಚುತನ.

ಶಾಲೆಯಲ್ಲಿ ನಿಜವಾದ ಲೆಕ್ಕ ಇದ್ದದ್ದು ಬಿಸಿಯೂಟದ ಅಕ್ಕನ ಹತ್ತಿರ. ದಿನವೂ ಹಾಲು ಕಾಯಿಸಿ ಲೋಟಕ್ಕೆ ಹೊಯ್ಯುವವಳು ಆಕೆ. ಅಡುಗೆಕೋಣೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಐದೈದು ಗೆರೆ ಎಳೆದು ಎಣಿಸುತ್ತಿದ್ದಳು. ಆ ಗೆರೆಗಳಿಗೂ ನಮ್ಮ ಪುಸ್ತಕಕ್ಕೂ ನವೆಂಬರ್‌ನಲ್ಲಿ ತಾಳೆಯೇ ಇರುತ್ತಿರಲಿಲ್ಲ. ಆದರೆ ಗೆರೆಗಳಿಗೆ ಹೆಸರಿರುವುದಿಲ್ಲವಲ್ಲ. ಹಾಗಾಗಿ ಆ ಜೂನ್‌ನಿಂದ ಹಾಲಿನ ಸಾಲಿನ ಪಕ್ಕದಲ್ಲಿ ಜೇಬಿನ ಪುಸ್ತಕ ಹಿಡಿದು ನಾನೇ ನಿಂತೆ. ಹೆಸರಿನ ಮುಂದೆ ನನ್ನವೇ ಕಲಂಗಳು: ಮನೆಗೆ ಜಮೀನು ಇದೆಯೇ, ಇದ್ದರೆ ಕಾಲುವೆ ನೀರು ಬರುತ್ತದೆಯೇ, ಮನೆಯವರು ಗುಳೆ ಹೋಗುತ್ತಾರೆಯೇ, ಹೋದರೆ ಮಗು ಯಾರ ಹತ್ತಿರ ಇರುತ್ತದೆ, ಮನೆಮಾತು ಯಾವುದು, ಅಣ್ಣ ತಮ್ಮಂದಿರು ಯಾವ ಶಾಲೆಯಲ್ಲಿದ್ದಾರೆ.

ಈ ಕೊನೆಯ ಕಲಂ ಸುಮ್ಮನೆ ಹಾಕಿದ್ದು. ಹೆಚ್ಚು ಕಲಿಸಿದ್ದು ಅದೇ.

ರಾಜ್ಯದಲ್ಲಿ ಹುಡುಗಿಯರ ಫಲಿತಾಂಶ ಹುಡುಗರಿಗಿಂತ ಸದಾ ಮುಂದೆ. 2024ರಲ್ಲಿ ಹುಡುಗಿಯರದು 81.11, ಹುಡುಗರದು 65.90. ನಮ್ಮಲ್ಲೂ ಹಾಗೆಯೇ. ಹೆಣ್ಣುಮಕ್ಕಳು ಶ್ರದ್ಧೆಯವರು ಎಂದು ಭಾಷಣ ಮಾಡಿ ನಾವು ಮುಗಿಸುತ್ತಿದ್ದೆವು. ನನ್ನ ಪುಸ್ತಕ ನೋಡಿದರೆ ಹುಡುಗಿಯರೇ ಹೆಚ್ಚು ಗೈರು, ಆದರೂ ಪಾಸಾದವರಲ್ಲಿ ಅವರೇ ಹೆಚ್ಚು. ಗೈರುಹಾಜರಿಯೇ ಕಾರಣ ಎಂಬ ನನ್ನ ಸಿದ್ಧಾಂತ ಅಲ್ಲಿಗೆ ಮುರಿದುಬಿತ್ತು. ಉತ್ತರ ಇದ್ದದ್ದು ಕೊನೆಯ ಕಲಂನಲ್ಲಿ. ಸ್ವಲ್ಪ ಕಾಸು ಇರುವ ಮನೆಯವರು ಮಗನನ್ನು ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತಿಸುತ್ತಾರೆ, ಮಗಳನ್ನು ನಮ್ಮಲ್ಲಿಗೆ ಕಳುಹಿಸುತ್ತಾರೆ. ಆದ್ದರಿಂದ ನಮ್ಮಲ್ಲಿ ಹುಡುಗಿಯರೆಂದರೆ ಎಲ್ಲ ಬಗೆಯ ಮನೆಯವರು, ಓದುವ ಮನೆಯವರೂ ಸೇರಿ. ಹುಡುಗರೆಂದರೆ ಹೆಚ್ಚಿನವರು ಫೀಸು ಕಟ್ಟಲು ಆಗದ ಮನೆಯವರು, ಇಲ್ಲವೇ ಕಟ್ಟಿಯೂ ಪ್ರಯೋಜನವಾಗದೆ ಮರಳಿ ಬಂದವರು. ವ್ಯಾನು ಹತ್ತಿದ ಹುಡುಗರ ಅಂಕಗಳು ಬೇರೆ ಶಾಲೆಯ ಲೆಕ್ಕಕ್ಕೆ ಹೋಗುತ್ತವೆ. ನಂತರ ಎರಡೂ ಶಾಲೆಗಳ ಶೇಕಡಾವಾರನ್ನು ಪಕ್ಕಪಕ್ಕ ಇಟ್ಟು ನಮ್ಮನ್ನು ಸಭೆಯಲ್ಲಿ ಎದ್ದು ನಿಲ್ಲಿಸುತ್ತಾರೆ!

ಜಾತಿಯ ಕಲಂಗಳ ವಿಷಯದಲ್ಲಿ ನಾನು ತುಸು ಎಡವಿದೆ. ಪರಿಶಿಷ್ಟ ಜಾತಿಯ ಮಕ್ಕಳಲ್ಲಿ, ಅಪ್ಪನಿಗೊಂದು ಸರ್ಕಾರಿ ನೌಕರಿಯೋ ಎರಡೆಕರೆ ನೀರಾವರಿಯೋ ಇದ್ದವರು ಚೆನ್ನಾಗಿಯೇ ಓದುತ್ತಿದ್ದರು. ಹಾಗಾದರೆ ಜಾತಿಯಲ್ಲ, ಜಮೀನೇ ಮುಖ್ಯ ಎಂದು ಸಹೋದ್ಯೋಗಿಯೊಬ್ಬರ ಮುಂದೆ ಹೇಳಿದೆ. ಕೇರಿಯಿಂದಲೇ ಓದಿ ಬಂದವರು ಅವರು. “ಸರ್, ನೀರಾವರಿ ಇರುವ ಅಂಥ ಮನೆಗಳು ಎಷ್ಟಿವೆ ಎಂದು ಎಣಿಸಿದ್ದೀರಾ?” ಎಂದರು. ಎಣಿಸಿದೆ, ಒಂದು ಕೈಯ ಬೆರಳುಗಳು ಸಾಕಾದವು. ಜಮೀನಿಲ್ಲದವರ ಪಟ್ಟಿ ತೆಗೆದರೆ ಅದು ಬಹುಪಾಲು ಕೇರಿ ಮತ್ತು ತಾಂಡಾದ ಪಟ್ಟಿಯೇ. ಆ ಕಲಂಗಳನ್ನು ಅಂದಿನಿಂದ ನಾನು ಹಗುರವಾಗಿ ನೋಡಿಲ್ಲ.

ಇನ್ನು ಮಾಡಿದ್ದೇನು? ಮೊದಲ ಪ್ರಯತ್ನ ಹಿಂದಿನ ವರ್ಷವೇ ನೆಲಕಚ್ಚಿತ್ತು. ಹೊಲಕ್ಕೆ ಹೋಗುವವರಿಗಾಗಿ ಸಂಜೆ ಏಳಕ್ಕೆ ತರಗತಿ ಇಟ್ಟೆ. ಬಂದರು, ಬಂದು ಡೆಸ್ಕಿನ ಮೇಲೆ ತಲೆ ಇಟ್ಟು ಮಲಗಿದರು. ಒಬ್ಬಳಿಗೆ ವೃತ್ತಕ್ಕೆ ಸ್ಪರ್ಶಕ ಎಳೆಯಲು ಹೇಳಿದರೆ ಕೈವಾರವನ್ನು ಹಿಡಿಯುತ್ತಲೇ ಕೆಳಗಿಟ್ಟಳು. ಒಡೆದ ಹತ್ತಿಕಾಯಿಯ ಒಣ ಮೊನೆ ಚುಚ್ಚಿ ಉಗುರಿನ ಬುಡವೆಲ್ಲ ಸೀಳಿತ್ತು. ಆ ಬೆರಳುಗಳನ್ನು ನೋಡಿದ ಮೇಲೆ ಸಂಜೆ ತರಗತಿಯನ್ನು ನಿಲ್ಲಿಸಿದೆ.

ಬದಲಿಗೆ ಪಾಠಗಳ ಸರದಿಯನ್ನೇ ತಿರುಗಿಸಿದೆ. ಒಂದರ ಮೇಲೊಂದು ಏರುವ ಪಾಠಗಳು, ಅಂದರೆ ರೇಖಾತ್ಮಕ ಸಮೀಕರಣಗಳ ಜೋಡಿ, ವರ್ಗ ಸಮೀಕರಣ, ತ್ರಿಭುಜಗಳು, ತ್ರಿಕೋನಮಿತಿ, ಇವೆಲ್ಲ ಹತ್ತಿ ಒಡೆಯುವ ಮೊದಲೇ ಮುಗಿಯಬೇಕು. ಜೂನ್‌ನಿಂದ ದಸರಾ ರಜೆಯವರೆಗೆ ಉಸಿರು ಬಿಡುವಂತಿಲ್ಲ. ನವೆಂಬರ್, ಡಿಸೆಂಬರ್‌ಗೆ ಸಂಖ್ಯಾಶಾಸ್ತ್ರ, ಸಂಭವನೀಯತೆ, ಘನಫಲ. ಇವು ಬಿಡಿಬಿಡಿ ಪಾಠಗಳು. ತಪ್ಪಿಸಿಕೊಂಡವರಿಗೆ ಫೆಬ್ರುವರಿಯಲ್ಲಿ ವಾರಕ್ಕೊಂದರಂತೆ ಮತ್ತೆ ಹೇಳಿಕೊಡಬಹುದು. ಕೂಲಿಯವರನ್ನು ಒಯ್ಯುವ ಟಂಟಂ ನಿಲ್ಲುವ ಕಟ್ಟೆಯ ಹತ್ತಿರ ಬೆಳಿಗ್ಗೆ ಆರೂವರೆಗೆ ಹೋಗಿ, ಒಂದೊಂದು ಲೆಕ್ಕದ ಚೀಟಿ ಕೊಡುತ್ತಿದ್ದೆ. ತಾಯಂದಿರು ಮೊದಮೊದಲು ನಕ್ಕರು. ಆಮೇಲೆ ಒಬ್ಬಾಕೆ, “ಸರ್, ಇವಳನ್ನು ಸೋಮವಾರ, ಗುರುವಾರ ಶಾಲೆಗೇ ಬಿಡುತ್ತೇನೆ, ಚೀಟಿ ಬೇಡ” ಎಂದಳು. ಎರಡು ದಿನದ ಕೂಲಿ ಬಿಟ್ಟು ಹೇಳಿದ ಮಾತು ಅದು.

ಹುಡುಗರಿಗಾಗಿ ಮಾಡಬೇಕಾದ ಕೆಲಸ ಹತ್ತನೆಯ ತರಗತಿಯದಲ್ಲ. ಜನವರಿಯಲ್ಲಿ ಹಿಡಿಯುವ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಠಗಳ ಕಟ್ಟು, ಅವರನ್ನು ಪಾಸಿನ ಗೆರೆ ದಾಟಿಸಬಹುದು, ಅಷ್ಟೇ. ಎಂಟನೆಯ ತರಗತಿಗೆ ಬಂದವರಿಗೆ ಜೂನ್‌ನಲ್ಲೇ ಒಂದು ಪುಟ ಓದಿಸಿ, ಒಂದು ಭಾಗಾಕಾರ ಕೊಟ್ಟೆ. ಬಾರದವರೊಂದಿಗೆ ಎರಡು ತಿಂಗಳು ಬರೀ ಮಗ್ಗಿ, ಭಾಗಾಕಾರ, ಭಿನ್ನರಾಶಿ. ಪಠ್ಯ ಹಿಂದೆ ಬಿತ್ತು, ತಪಾಸಣೆಗೆ ಬಂದವರಿಂದ ಬೈಸಿಕೊಂಡೆ.

2025ರಲ್ಲಿ ನಮ್ಮ ಫಲಿತಾಂಶ ಹೇಳಿಕೊಳ್ಳುವಂತೆ ಏರಲಿಲ್ಲ. ಮತ್ತೆ ಅದೇ ನಮೂನೆ ಬಂತು. ಭರ್ತಿ ಮಾಡಿ, ನನ್ನ ಕಲಂಗಳನ್ನು ಪಕ್ಕಕ್ಕೆ ಜೋಡಿಸಿ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಫೋನ್: “ಸರ್, ನಿಮ್ಮ ಶಾಲೆಯದು ಎಕ್ಸೆಲ್‌ನಲ್ಲಿ ಕೂರುತ್ತಿಲ್ಲ, ಆ ಹೆಚ್ಚಿನ ಕಲಂ ತೆಗೆದು ಕಳುಹಿಸಿ.” ತೆಗೆದು ಕಳುಹಿಸಿದೆ. ಜೇಬಿನ ಪುಸ್ತಕ ನನ್ನ ಬಳಿಯೇ ಇದೆ. ಭಾಗಾಕಾರದಿಂದ ಹೊರಟ ಹುಡುಗರು ಪರೀಕ್ಷೆಗೆ ಕೂರುವುದು 2027ರಲ್ಲಿ. ಅಲ್ಲಿಯವರೆಗೆ ಅದು ಬೇಕು.